ಉಡಿದಾರ ಕಟ್ಟಿದ ಏಳು

ಮೂವತ್ತೊಂದು ವರ್ಷ ನಾನು ಕಡಲಿನ ಗುಮಾಸ್ತ.
ಹಗಲು ಬಲ್ಲಾರ್ಡ್ ಪಿಯರಿನಲ್ಲಿ ಕೇರ್ಸಿ ಶೇಟರ ಪೇಢಿ,
ಮೊದಮೊದಲು ಸಂಜೆಗೆ ಫೋರ್ಟಿನ ಕನ್ನಡ ರಾತ್ರಿಶಾಲೆ.
ಮೇಷ್ಟ್ರು ಗೋಳ ತಿರುಗಿಸಿ ಹ್ಯಾಂಬರ್ಗ್ ಎಲ್ಲಿ ಎಂದರೆ
ಬೆಂಚಿಗೆ ಬೆಂಚೇ ತೂಕಡಿಸುತ್ತಿರುವಾಗ
ನಾನು ಹೇಳುತ್ತಿದ್ದೆ: ಶೆಡ್ಡು ನಂಬರ್ ಹನ್ನೆರಡು, ಸಾರ್,
ಎಡಗಡೆ, ಮೂರನೇ ಸಾಲು.

ಪೆಟ್ಟಿಗೆ ಬಿಚ್ಚುವುದೆಂದರೆ
ಹಲಸಿನಹಣ್ಣು ಬಿಡಿಸಿದ ಹಾಗೆ.
ಮೊದಲು ಮೊಳೆ, ಆಮೇಲೆ ಹಲಗೆ, ಎಣ್ಣೆಕಾಗದ,
ಓದಲಾಗದ ಭಾಷೆಯ ಮುದುಡಿದ ಪೇಪರು
(ಒಮ್ಮೆ ಅದರಲ್ಲೊಂದು ಮದುವೆಯ ಫೋಟೊ, ಮದುಮಗ ಬೋಳ)
ಕೊನೆಗೆ, ತೊಳೆಯೊಳಗಿನ ಬೀಜದಂತೆ,
ಭಿವಂಡಿಯ ಮಗ್ಗಕ್ಕೆ ಬೇಕಾದ ಹಲ್ಲುಗಾಲಿ.
ತಣ್ಣಗೆ. ಯಾವಾಗಲೂ ತಣ್ಣಗೆ.
ನಲವತ್ತೊಂದು ದಿನ ನೀರಿನ ಮೇಲಿದ್ದದ್ದು
ಬೆಚ್ಚಗಿದ್ದೀತೇ?

ಬಿಚ್ಚಿದ ಹಲಗೆಗಳು ವಡಾಳದ ಜೋಪಡಿಗೆ ಬಾಗಿಲಾಗುತ್ತಿದ್ದವು,
ಇತ್ತ ಮೇಲೆ ಎಂಬ ಬಾಣ ನೆಲಕ್ಕೆ ಮುಖಮಾಡಿ.

ಮುಚ್ಚಳದ ಒಳಬದಿಯಲ್ಲಿ ಪೆನ್ಸಿಲಿನ ಎಣಿಕೆ.
ಅಲ್ಲಿಯ ಯಾರೋ ಒಬ್ಬರು, ಗಂಡೋ ಹೆಣ್ಣೋ,
ಏಳು ಬರೆದರೆ ಅದರ ನಡುವಿಗೊಂದು ಅಡ್ಡಗೆರೆ,
ಮಗುವಿಗೆ ಉಡಿದಾರ ಕಟ್ಟಿದ ಹಾಗೆ.
ಹತ್ತೊಂಬತ್ತು ವರ್ಷ ಅದೇ ಕೈ.
ಒಂದು ವರ್ಷ ಗೆರೆ ನಡುಗತೊಡಗಿತು.
ಯಾರನ್ನು ಕೇಳಲಿ?
ಸುಂಕದವನ ಮುಂದೆ ಸುಖದುಃಖವೇ?
ನನಗರಿವಿಲ್ಲದೆ ನನ್ನ ಏಳೂ ಉಡಿದಾರ ಕಟ್ಟಿಕೊಂಡಿತು,
ಬಿಲ್ಲಿನಲ್ಲಿ ಅದನ್ನು ಕಂಡು ಅಪ್ರೈಸರು ಬೈದರು.

ಈಗ ಆ ಗಾಲಿ ಬರುವುದಿಲ್ಲ.
ಅದರ ನಕ್ಷೆ ಬರುತ್ತದೆ, ರಾತ್ರಿ ಎರಡಕ್ಕೆ, ತಂತಿಯೊಳಗೆ.
ತೂಕ: ಸೊನ್ನೆ. ಹಡಗು: ಇಲ್ಲ.
ಇಳಿದ ಬಂದರು: ಸಾಕಿನಾಕಾ, ಬೇಕರಿಯ ಹಿಂದಿನ ಗಾಲಾ.
ಸುಂಕದ ಪುಸ್ತಕದಲ್ಲಿ ಇದು ಯಾವ ಕಲಮಿಗೆ ಬರುತ್ತದೆಂದು
ಶೇಟರು ಕನ್ನಡಕ ಒರೆಸಿ ಒರೆಸಿ ಹುಡುಕಿದರು.
ಆಮೇಲೆ ಮೂರು ಮೇಜು ಮಾರಿದರು.
ಹಮಾಲ ಶೆಲಾರನಿಗೆ ಅವನವ್ವ ಇಟ್ಟ ಹೆಸರು ನಿವೃತ್ತಿ.
ಎಪ್ಪತ್ತರವರೆಗೆ ಹೊತ್ತ. ಈಗ ಹೆಸರು ನಿಜವಾಯಿತು.

ಕಡಲು ದಾಟಿ ಬರುವುದು ಲೋಹದ ಹುಡಿ,
ಡಬ್ಬಡಬ್ಬ, ಬೂದಿಯಷ್ಟು ನುಣ್ಣಗೆ,
ಇನ್ನೂ ಏನೂ ಆಗಿರದ್ದು,
ಏನು ಬೇಕಾದರೂ ಆಗಬಹುದಾದದ್ದು.
ಹಿಟ್ಟು ಅವರದು, ದೋಸೆ ನಮ್ಮದು, ಅಂದೆ.
ಕಾವಲಿ ಯಾರದು, ಅದನ್ನು ಹೇಳು, ಅಂದರು ಶೇಟರು.

ಹುಡಿ ತಲುಪಿಸಲು ಸಾಕಿನಾಕಾಕ್ಕೆ ನಾನೇ ಹೋದೆ.
ಯಂತ್ರ ನಡೆಸುವವಳು ಪ್ರಣಾಲಿ, ಇಪ್ಪತ್ತಮೂರಿರಬಹುದು.
ನಡೆಸುವುದೇನು, ಕೂತಿರುತ್ತಾಳೆ,
ವಡಾಪಾವಿನ ಕಾಗದವನ್ನು ಚಿಕ್ಕದಾಗಿ ಇನ್ನೂ ಚಿಕ್ಕದಾಗಿ ಮಡಚುತ್ತ.
ಗಾಜಿನಾಚೆ ಹುಡಿಯ ಮೇಲೆ ಬೆಳಕು ಹೊಲಿಗೆ ಹಾಕುತ್ತಿತ್ತು,
ಒಂದು ಪದರ, ಅದರ ಮೇಲೊಂದು,
ದಾರ ಮಾತ್ರ ಕಾಣಿಸುತ್ತಿರಲಿಲ್ಲ.
ಯಾರು ಬರೆದ ನಕ್ಷೆ?
ಹೆಸರಿಲ್ಲ ಕಾಕಾ, ನಂಬರಿದೆ.

ಹುಡಿ ಕೊಡವಿ ಕೈಗಿಟ್ಟಳು.
ಬೆಚ್ಚಗಿತ್ತು.
ಸುಳ್ಳು ಯಾಕೆ ಹೇಳಲಿ, ಹಿತವಾಯಿತು,
ಆಗತಾನೆ ಇಟ್ಟ ಮೊಟ್ಟೆಯಂತೆ.
ತಿರುಗಿಸಿ ತಿರುಗಿಸಿ ನೋಡಿದೆ
ಇದರ ಒಳಬದಿ ಎಲ್ಲಿದೆ ಎಂದು.

ಭಿವಂಡಿಗೆ ಮಧ್ಯಾಹ್ನದ ಟೆಂಪೊ. ಊಟದೊಳಗೆ ಮುಟ್ಟುತ್ತದಂತೆ.
ರಟ್ಟಿನ ಪೆಟ್ಟಿಗೆಯ ಮೇಲೆ ಎಣಿಕೆ ನಾನೇ ಬರೆದೆ,
ಕಿವಿಯ ಹಿಂದಿನ ಪೆನ್ಸಿಲಿನಿಂದ.
ಪ್ರಣಾಲಿ ಬಗ್ಗಿ ನೋಡಿದಳು.
ಕಾಕಾ, ಇದು ಏಳೋ, ಎಫ್ಫೋ?
ಕೇಳುತ್ತಲೇ ಹೆಬ್ಬೆರಳು ಒದ್ದೆ ಮಾಡಿಕೊಂಡಳು, ಅಳಿಸಲು.
ಟೆಂಪೊದವನು ಹಾರನ್ ಹೊಡೆಯುತ್ತಿದ್ದ.