ಬಾಡಿಗೆಗೆ ಬಿಸಿ

ದುರ್ಗಿಗುಡಿಯ ನನ್ನ ಅಂಗಡಿಗೆ ಬಂದ
ನಿವೃತ್ತ ಕಂಡಕ್ಟರ್ ವೃಷಭೇಂದ್ರಪ್ಪನವರು
ಸೀಟಿ ಊದುವವರ ಹಾಗೆ ತುಟಿ ಚೂಪು ಮಾಡಿ ಕೇಳಿದರು:
“ಇವೆರಡರಲ್ಲಿ ಯಾವುದಮ್ಮ ಬೆಚ್ಚಗೆ?
ಕೊಡಚಾದ್ರಿ ಮೇಲೆ ಒಂದು ರಾತ್ರಿ ಮಲಗಬೇಕು.
ಮೂವತ್ತೊಂದು ವರ್ಷ ಅದರ ಬುಡದ ತನಕ ಟಿಕೆಟ್ ಹರಿದಿದ್ದೇನೆ,
ತುದಿ ಕಂಡಿಲ್ಲ.”

ಒಂದು ಬಾತಿನ ತುಪ್ಪಳದ್ದು.
ಇನ್ನೊಂದು ಪಾಲಿಯೆಸ್ಟರ್ ಎಳೆಯದ್ದು,
ಪ್ಲಾಸ್ಟಿಕ್ ಅನ್ನಿ, ಮುಚ್ಚುಮರೆ ಯಾಕೆ.

ತುಪ್ಪಳದ್ದನ್ನು ಅವರ ಅಂಗೈ ಮೇಲಿಟ್ಟೆ.
ಭಾರಕ್ಕೆ ಸಿದ್ಧವಾಗಿದ್ದ ಕೈ ಸುಮ್ಮನೆ ಮೇಲೆದ್ದಿತು.
ಮುದುರಿದರೆ ಸುಲಿದ ತೆಂಗಿನಕಾಯಿಯಷ್ಟು,
ಬಿಟ್ಟರೆ ಬಾಣಲೆಯ ಪೂರಿ.
ಮತ್ತೊಂದು ಎಷ್ಟು ಅಮುಕಿದರೂ ಎಳೆಹಲಸು,
ಚೀಲದಲ್ಲಿ ಅರ್ಧ ಜಾಗ ಅದಕ್ಕೇ.
ಒಣಚಳಿಯಲ್ಲಿ ತೂಕಕ್ಕೆ ತೂಕ ಇಟ್ಟು ನೋಡಿದರೆ
ತುಪ್ಪಳದ ಹತ್ತಿರ ಎಳೆ ಸುಳಿಯುವುದಿಲ್ಲ.
ಇಷ್ಟು ಹೇಳಿ ನಿಲ್ಲಿಸಬಹುದಿತ್ತು ನಾನು;
ಅದಕ್ಕೆ ದಿನಕ್ಕೆ ನೂರೈವತ್ತು, ಇದಕ್ಕೆ ಎಂಬತ್ತು.

ಆದರೆ ಹೋದ ಡಿಸೆಂಬರಿನಲ್ಲಿ, ಅದೇ ಬೆಟ್ಟದ ಮೇಲೆ,
ಬಂಗಲೆಯ ಜಗಲಿಯಲ್ಲಿ
ನಾನೂ ಸಬೀಹಾಳೂ ಪಂದ್ಯ ಕಟ್ಟಿ ಮಲಗಿದ್ದೆವು,
ಒಬ್ಬೊಬ್ಬರಿಗೆ ಒಂದೊಂದು.
ಹತ್ತು ಗಂಟೆಗೆ ನಾನು ತುಪ್ಪಳದೊಳಗೆ ಮಹಾರಾಣಿ.
ಅವಳು “ಪರವಾಗಿಲ್ಲ, ಪರವಾಗಿಲ್ಲ” ಎನ್ನುತ್ತ
ಮೊಣಕಾಲನ್ನು ಎದೆಗೆ ಎಳೆದುಕೊಳ್ಳುತ್ತಿದ್ದಳು.

ಒಂದೂವರೆಗೆ ಮಂಜು.
ಮಳೆಯಾದರೆ ಹೇಳಿ ಬರುತ್ತದೆ.
ಇದು ಟಿಕೆಟ್ ಇಲ್ಲದವನ ಹಾಗೆ
ಹಿಂಬಾಗಿಲಲ್ಲಿ ಹತ್ತಿ
ಝಿಪ್ಪಿನ ಹಲ್ಲುಗಳ ನಡುವೆ ನುಸುಳಿ
ಎಲ್ಲ ಸೀಟಿನಲ್ಲೂ ಕೂತುಬಿಟ್ಟಿತು.

ಮೂರಕ್ಕೆ ಭುಜ ಮುಟ್ಟಿ ನೋಡುತ್ತೇನೆ,
ತುಪ್ಪಳವೆಲ್ಲ ಮುದ್ದೆಗಟ್ಟಿ ಮೂಲೆ ಸೇರಿದೆ,
ಹೊಲಿಗೆಯಿಂದ ಹೊಲಿಗೆಗೆ ಬರೀ ಬಟ್ಟೆ.
ನೆನೆದ ಕೋಳಿಯ ವಾಸನೆ.
ಯಾವ ದೇಶದ ಯಾವ ಕೆರೆಯ ಬಾತೋ,
ನೀರಲ್ಲೇ ಬದುಕಿದ್ದು.
ದಿನಾ ಕೊಕ್ಕಿನಿಂದ ಎಣ್ಣೆ ಸವರಿಕೊಳ್ಳುತ್ತಿತ್ತಂತೆ.
ನನ್ನ ಹತ್ತಿರ ಇದ್ದದ್ದು
ಒಂದು ಡಬ್ಬಿ ಅಮೃತಾಂಜನ.

ಸಬೀಹಾಳದ್ದೂ ಒದ್ದೆಯೇ,
ಆದರೆ ಒದ್ದೆಯಾದರೂ ಸೋತು ಮಲಗಿರಲಿಲ್ಲ;
ಎಳೆಗಳ ನಡುವೆ ಅಷ್ಟಿಷ್ಟು ಗಾಳಿ ಇನ್ನೂ ಕಾವಲಿತ್ತು.
ಅವಳು ಝಿಪ್ ಎಳೆದು “ಬಾ” ಅಂದಳು.
ಒಂದು ತೋಳು ಅವಳಿಗೆ, ಒಂದು ನನಗೆ,
ಬೆನ್ನಿಗೆ ಗೋಡೆ.
ಪಂದ್ಯದ ಐನೂರು ಯಾರಿಗೆ ಸೇರಬೇಕೆಂದು
ಇವತ್ತಿಗೂ ಇತ್ಯರ್ಥವಾಗಿಲ್ಲ.

ಊರಿಗೆ ಬಂದ ಮೇಲೆ ಲಾಂಡ್ರಿಯ ರುದ್ರೋಜಿ
ಯಂತ್ರಕ್ಕೆ ಅದರ ಜೊತೆ ಮೂರು ಟೆನಿಸ್ ಚೆಂಡು ಹಾಕಿ
ದಡಬಡ ದಡಬಡ ತಿರುಗಿಸಿದ.
ತುಪ್ಪಳ ಬಿಡಿಸಿಕೊಂಡು ಮತ್ತೆ ಉಬ್ಬಲು
ಸಂಜೆಯೇ ಆಯಿತು.
ಕ್ರಿಕೆಟ್ ನಿಂತುಹೋದ ಬೀದಿಯ ಹುಡುಗರು
ಬಾಗಿಲಲ್ಲಿ ಸಾಲಾಗಿ ನಿಂತು ಕಾದರು.

“ಅಂದರೆ, ಜಾಕೆಟ್ ಬಿಸಿ ಕೊಡುವುದಿಲ್ಲ ಸಾರ್.
ನಿಮ್ಮದನ್ನೇ ಹಿಡಿದಿಟ್ಟುಕೊಳ್ಳುತ್ತದೆ,
ಕಂಡಕ್ಟರ್ ಚಿಲ್ಲರೆ ಹಿಡಿದಿಟ್ಟ ಹಾಗೆ.”
ಅವರು ನಗಲಿಲ್ಲ.
“ನಾನು ಹಿಡಿದಿಟ್ಟವನಲ್ಲ,
ಟಿಕೆಟ್ ಹಿಂದೆ ಬರೆದುಕೊಡುತ್ತಿದ್ದೆ.”
ಎಳೆಯದ್ದನ್ನೇ ಒಯ್ದರು.

ಸೋಮವಾರ ತಂದಿಟ್ಟರು, ನಾಲ್ಕು ಮೂಲೆ ಸರಿಯಾಗಿ ಮಡಚಿ.
ಕಾಲರಿನಲ್ಲಿ ಸೌದೆ ಹೊಗೆ,
ಒಳಜೇಬಿನಲ್ಲಿ ಒಂದು ಶುಂಠಿ ಪೆಪ್ಪರಮೆಂಟು.
“ಬೆಚ್ಚಗಿತ್ತಾ?”
“ಮಂಜೇ ಬರಲಿಲ್ಲ ಕಣಮ್ಮ.
ಕಣ್ಣು ಕುಕ್ಕುವಷ್ಟು ಚುಕ್ಕಿ, ಕಡಿಯುವ ಒಣಚಳಿ.
ನಿನ್ನ ಮಾತು ಕೇಳಿ ಕೆಟ್ಟೆ,
ಆ ಬಾತಿನದ್ದೇ ಒಯ್ಯಬೇಕಿತ್ತು.”

ಎರಡು ದಿನಕ್ಕೆ ನೂರ ಅರವತ್ತು.
ಇನ್ನೂರರ ನೋಟು ಕೊಟ್ಟರು.
ಗಲ್ಲಾಪೆಟ್ಟಿಗೆಯಲ್ಲಿ ನಲವತ್ತು ಇರಲಿಲ್ಲ.
ರಸೀದಿಯ ಹಿಂದೆ ಬರೆದುಕೊಟ್ಟೆ.
ತಿರುಗಿಸಿ ನೋಡಿದರು,
ಅಂಕಿಯ ಸುತ್ತ ಗೆರೆ ಎಳೆಯಲು ಮರೆತಿದ್ದೇನೆಂದರು,
ತಾವೇ ಎಳೆದುಕೊಂಡರು,
ಜೇಬಿಗಿಟ್ಟರು.