ಇಪ್ಪತ್ಮೂರನೇ ನಂಬರು

ನಾಟಕ ಬರೆದದ್ದು ನಾನೇ, ಒಂದು ಭಾನುವಾರ,
ಬಟ್ಟೆ ನೆನೆಹಾಕಿ, ಅನ್ನಕ್ಕಿಟ್ಟು, ನಡುವೆ ಸಿಕ್ಕ ಹೊತ್ತಿನಲ್ಲಿ.
ಮಾಲೀಕನಿಗೆ ಮೀಸೆ ಬರೆದೆ, ಕೈಗೆ ಚಾಟಿ ಕೊಟ್ಟೆ,
ಹುಡುಗನ ಬಾಯಲ್ಲಿ ‘ಅಯ್ಯೋ’ ಎಂದು ಆರು ಸಲ ಬರೆದೆ.

ಜಬೀನಾ ಓದಿದಳು.
ಎರಡು ಜಡೆ, ಒಂದಕ್ಕೆ ಮಾತ್ರ ಟೇಪು.
ಹಾಳೆ ತಿರುವಿ, ಮತ್ತೆ ಹಿಂದಕ್ಕೆ ತಿರುವಿ,
‘ಹೊಡೆಯಲ್ಲ ಮಿಸ್’ ಅಂದಳು.
‘ಟೀ ಕೊಡ್ತಾರೆ.
ಬೇಟಾ ಅಂತಾರೆ. ಹಬ್ಬಕ್ಕೆ ಅಂಗಿ ಹೊಲಿಸ್ತಾರೆ.
ಅಮ್ಮೀ ಆಪರೇಷನ್ನಿಗೆ ಅಂತ ದುಡ್ಡು ಮೊದಲೇ ಕೊಟ್ಟಿರ್ತಾರೆ.
ಆಮೇಲೆ ಯಾರೂ ಏನೂ ಹೇಳೋದು ಬೇಡ,
ನಾವೇ ಎದ್ದು ಹೋಗ್ತೀವಿ, ರಾತ್ರಿ ಎರಡಕ್ಕೆ.’

ಚಾಟಿಯನ್ನು ಹೊಡೆದುಹಾಕಿದೆ, ಕೆಂಪು ಶಾಯಿಯಲ್ಲಿ.
ಮೀಸೆ ಹೋಯಿತು. ‘ಅಯ್ಯೋ’ಗಳೂ ಒಂದೊಂದಾಗಿ ಹೋದವು.
ಉಚ್ಚೆಂಗೆಪ್ಪ ಹೇಳಿದ: ಒಲೆಗೆ ಸೌದೆ ಅಂತ ಬರೆದೀರಿ, ಈಗ ಟೈರು ಹಾಕೋದು.
ಇನ್ನೊಬ್ಬಳು ಹೇಳಿದಳು: ಅಲ್ಲಿ ಅಳು ಬರಲ್ಲ ಮಿಸ್,
ಹೊಗೆಗೆ ಬರೋದು ಬೇರೆ ನೀರು.
ಮರಳು ಎಷ್ಟು ಕಾದಿರಬೇಕು,
ಅಕ್ಕಿ ಬಿದ್ದಾಗ ಎಂಥ ಸದ್ದು ಏಳಬೇಕು,
ಜರಡಿ ಹಿಡಿದವನ ಯಾವ ಕಣ್ಣಿನ ರೆಪ್ಪೆ ಮೊದಲು ಸೀಯುತ್ತದೆ,
ಪರೀಕ್ಷೆಯಲ್ಲಿ ಮೂವತ್ತೈದು ದಾಟದ ಮಕ್ಕಳು
ನನಗೆ ಪಾಠ ಮಾಡಿದರು, ಊಟದ ಗಂಟೆ ಹೊಡೆಯುವ ತನಕ.

ಶನಿವಾರ ಜಾಥಾ. ತಮಟೆ ಸಿಗಲಿಲ್ಲ,
ಬಿಸಿಯೂಟದ ತಟ್ಟೆ ಬಡಿದರು.
ರಿಂಗ್ ರಸ್ತೆ ದಾಟಿ, ದೋಸೆಹಂಚಿನ ಬೆಣ್ಣೆ ವಾಸನೆ ದಾಟಿ,
ಸುಟ್ಟ ರಬ್ಬರು ಮೂಗಿಗೆ ಹತ್ತುವಲ್ಲಿ ತಿರುಗಿದೆವು,
ದಾವಣಗೆರೆಯ ಅರ್ಧ ಸಂಜೆಗಳು ಉಬ್ಬಿ ಹೊರಬರುವ ಓಣಿಗೆ.
ಬೂದಿ ಇಳಿದು ಫಲಕಗಳ ಮೇಲೆ ಕೂತಿತು.
‘ಬಾಲ್ಯ’ದ ಒತ್ತು ಮುಚ್ಚಿ ಬರೀ ‘ಬಾಲ’ ಉಳಿಯಿತು.
ಹಿಂದಿನ ಸಾಲಿನ ಹುಡುಗರು ಅದಕ್ಕೆ ಬಿದ್ದು ಬಿದ್ದು ನಕ್ಕರು,
ನಾನು ಗದರಲಿಲ್ಲ.

ಭಟ್ಟಿಯ ಮುಂದೆ ಚಾಪೆ ಹಾಸುವಷ್ಟು ಜಾಗ.
ಜಬೀನಾ ಮಾಲೀಕ. ಕೈಯಲ್ಲಿ ಖಾಲಿ ಲೋಟ.
‘ಕುಡಿ ಬೇಟಾ’ ಎಂದಳು, ಎಷ್ಟು ಮೆತ್ತಗೆ ಎಂದರೆ
ನಗಲು ನಿಂತವರು ನಗುವುದು ಮರೆತರು.
ನಿಜದ ಮಾಲೀಕರು ಬಾಗಿಲಲ್ಲಿ ನಿಂತಿದ್ದರು,
ಅವರ ಕೈಯಲ್ಲೂ ಒಂದು ಲೋಟ,
ಅದನ್ನು ಎಲ್ಲಿಡುವುದೆಂದು ಅವರಿಗೆ ತಿಳಿಯಲಿಲ್ಲ.

ಅಲ್ಲಿಗೆ ಮುಗಿಯಬೇಕಿತ್ತು. ನಾವು ಬರೆದದ್ದು ಅಷ್ಟೇ.
ಅವಳು ನನ್ನ ಬ್ಯಾಗಿನಿಂದ ಹಾಜರಿ ಪುಸ್ತಕ ಎಳೆದಳು.
‘ಇಪ್ಪತ್ತು’ ಎಂದಳು ನನ್ನ ದನಿಯಲ್ಲಿ,
ನನ್ನ ಹಾಗೇ, ಇಲ್ಲದ ಕನ್ನಡಕದ ಮೇಲಿಂದ ನೋಡುತ್ತ.
‘ಇಪ್ಪತ್ತೊಂದು.’
‘ಇಪ್ಪತ್ತೆರಡು.’
ಬಂದವರೆಲ್ಲ ಕೈಯೆತ್ತಿ ಯೆಸ್ ಮಿಸ್ ಎಂದರು.
‘ಇಪ್ಪತ್ಮೂರು.’

ತರಗತಿಯಲ್ಲಾದರೆ ಇಲ್ಲಿ ನಾನು ನಿಲ್ಲುವುದಿಲ್ಲ,
ಜೂನಿನಿಂದ ‘ಗೈ’ ಎಂದು ಗೀಚಿ ಮುಂದೆ ಹೋಗುತ್ತೇನೆ.
ಅವಳು ನಿಂತಳು.
‘ಇಪ್ಪತ್ಮೂರು. ದಾದಾಪೀರ್.’
ತಟ್ಟೆಗಳು ಸುಮ್ಮನಾದವು.
ಹೊಟ್ಟಿನ ರಾಶಿಯಾಚೆ ಜರಡಿಯ ಸರಸರ ನಿಂತಿತು.
ಒಂದು ಕೆಮ್ಮು. ಆಮೇಲೆ,
ಯೋಚನೆಗೆ ಮೊದಲೇ ಬಾಯಿಗೆ ಬಂದ ಹಳೇ ರೂಢಿ:
‘ಯೆಸ್ ಮಿಸ್.’

ಯಾರೋ ನಕ್ಕರು. ಅವನೇ ಇರಬೇಕು.
ಮತ್ತೆ ಜರಡಿ ಶುರುವಾಯಿತು.

ಹೊರಡುವಾಗ ಮಾಲೀಕರು ತಲೆಗೊಂದು ಪೊಟ್ಟಣ ಮಂಡಕ್ಕಿ ಕೊಡಿಸಿದರು.
ಮಕ್ಕಳು ತಿಂದರು, ಹಸಿದಿದ್ದರು.
ನಾನೂ ತಿಂದೆ.
ಇನ್ನೂ ಬಿಸಿಯಿತ್ತು.

ಸೋಮವಾರ ಪುಸ್ತಕ ತೆರೆದರೆ
ಇಪ್ಪತ್ಮೂರರ ಮುಂದೆ ಶನಿವಾರದ ಮನೆ ಖಾಲಿ,
ಹೊಲಿಗೆಯ ಸಂದಿಯಲ್ಲಿ ಎರಡು ಕಾಳು ಕರೀ ಮರಳು.
ಹಾಜರು ಎನ್ನಲೇ? ಕರೆದಾಗ ಓಗೊಟ್ಟನಲ್ಲ.
ಗೈರು ಎನ್ನಲೇ?
ಪೆನ್ನು ಹಿಡಿದು ಕೂತೇ ಇದ್ದೆ, ಪ್ರಾರ್ಥನೆಯ ಗಂಟೆ ಹೊಡೆದರೂ.

ಜಬೀನಾ ಬಂದು
ತನ್ನ ಮೋಟು ಪೆನ್ಸಿಲ್ಲು ಮೇಜಿನ ಮೇಲಿಟ್ಟಳು.
‘ಸದ್ಯಕ್ಕೆ ಇದರಲ್ಲಿ ಬರೀರಿ.’