ಏಳನೆಯ ಕೊಳವೆ

ಫ್ಯಾನು ಆರಿಸು ರುಹುಲ್, ಅಂದೆ.
ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾ, ಆಗಸ್ಟಿನ ನಡುಹಗಲು,
ತಗಡಿನ ಸೂರಿನಡಿ ನಾವೇ ಬೇಯುವ ಹೊತ್ತು.
ಆದರೂ ಆರಿಸಬೇಕು.
ಆರ್ಗಾನ್ ಬಲು ನಾಚಿಕೆಯ ಅನಿಲ,
ಬೀಸಣಿಗೆಯಷ್ಟು ಗಾಳಿಗೂ ಸರಿದುಬಿಡುತ್ತದೆ,
ಬೆಸುಗೆಗೆ ಮಸಿ ಹಿಡಿಯುತ್ತದೆ.
ಗಾಳಿಗೆ ಮನೆ ಕಟ್ಟುವವರು
ಗಾಳಿ ಬಿಟ್ಟು ಕೂರಬೇಕು.

ಹುಮೈದ್ ತಂದು ನಿಲ್ಲಿಸಿದ್ದು ಹಳೆಯ ಪ್ಯಾಟ್ರೋಲ್,
ಸಾಲಾಗಿ ಆರು ಸಿಲಿಂಡರು.
ಮರಳುದಿಬ್ಬವನ್ನು ಒಂದೇ ಉಸಿರಿಗೆ ಹತ್ತಬೇಕಂತೆ,
ಏಳು ಸಾವಿರದಲ್ಲಿ ಕೂಗಬೇಕಂತೆ, ಸದೀಕ್!
ಕಂಪನಿಯ ಮ್ಯಾನಿಫೋಲ್ಡು ಸಂಸಾರಸ್ಥ:
ಮಕ್ಕಳನ್ನು ಶಾಲೆಗೆ ಬಿಡಲು, ಅಕ್ಕಿಮೂಟೆ ತರಲು.
ಬಿಚ್ಚಿ ಮೂಲೆಗಿಟ್ಟೆ.

ಕೊಳವೆ ಎಷ್ಟುದ್ದ, ಅದೇ ಎಲ್ಲ ಲೆಕ್ಕ.
ವಾಲ್ವು ಪಟ್ಟನೆ ಮುಚ್ಚಿದಾಗ
ಒಳಬರುತ್ತಿದ್ದ ಗಾಳಿ ಹಣೆ ಚಚ್ಚಿಕೊಂಡು ಹಿಂದಕ್ಕೋಡುತ್ತದೆ,
ಪೆಟ್ಟಿಗೆಯ ಅಂಚು ಮುಟ್ಟಿ ಮತ್ತೆ ತಿರುಗುತ್ತದೆ.
ತಿರುಗಿ ಬಂದಾಗ ಬಾಗಿಲು ತೆರೆದಿದ್ದರೆ
ಪುಕ್ಕಟೆ ಒಂದು ಗುಟುಕು ಹೆಚ್ಚು.
ಬೇಗ ಬಂದರೆ ಚಿಲಕ, ತಡವಾದರೆ ಮುಗಿದ ಊಟ.
ಎರಡು ವರ್ಷಕ್ಕೊಮ್ಮೆ ರಜೆಯ ಟಿಕೆಟ್ಟು ಮಾಡಿಸುವವರಿಗೆ
ಇದನ್ನು ಬಿಡಿಸಿ ಹೇಳಬೇಕಿಲ್ಲ.

ಉದ್ದ ಮಾಡಿದರೆ ಬುಡದ ಎಳೆತ, ಗಿಡ್ಡ ಮಾಡಿದರೆ ತುದಿಯ ಕೂಗು.
ಹನ್ನೊಂದಿಂಚಿಗೆ ರಾಜಿಯಾದೆವು.
ಹುಮೈದ್ ಹತ್ತು ಅಂದಿದ್ದ.

ಪೆಟ್ಟಿಗೆಗೆ ಗೀಟು ಹಾಕುವಾಗ ನನ್ನ ತಲೆಯಲ್ಲಿದ್ದದ್ದು ಪಂಕ್ತಿ.
ಕೋಟೇಶ್ವರದ ಮದುವೆಮನೆಗಳಲ್ಲಿ
ದೊಡ್ಡಪ್ಪ ಹುಳಿಯ ಬಕೆಟು ಹಿಡಿದು ಹೊರಟರೆ
ಕೊನೆಯ ಎಲೆಗೆ ಬರುವಷ್ಟರಲ್ಲಿ ಬರೀ ತಿಳಿ.
ಆರನೆಯವನೇ ಉಪವಾಸ ಬೀಳುವವ ಎಂದುಕೊಂಡು
ಅವನ ಬಾಯಿಯನ್ನು ಒಂದು ನೂಲು ಅಗಲ ಮಾಡಿದ್ದೆ.
ಕಸ ಹೀರುವ ವ್ಯಾಕ್ಯೂಮು, ಬಾಗಿಸಿದ ಗಾಜಿನ ನಳಿಕೆ,
ಅದರಲ್ಲಿ ವಿಮ್ಟೋ ಬೆರೆಸಿದ ನೀರು:
ಒಂದೊಂದಾಗಿ ಅಳೆದರೆ ನೀರು ಬೇರೆಯೇ ಹೇಳಿತು.
ನುಗ್ಗಿದ ಗಾಳಿ ಮೊದಲ ಎಲೆಯನ್ನು ನೋಡದೆಯೇ ದಾಟಿ
ಕೊನೆಗೋಡೆಗೆ ಡಿಕ್ಕಿ ಹೊಡೆದು
ಅಲ್ಲೇ ರಾಶಿ ಬಿದ್ದಿದೆ.
ಹಸಿದವನು ಒಂದನೆಯವ,
ಬಾಗಿಲ ಪಕ್ಕದಲ್ಲೇ ಕೂತವ.

ರುಹುಲ್ ನಕ್ಕ. ತನ್ನ ಸಿಲ್ಹಟಿನ ಮಾತಿನಲ್ಲಿ
ನಮ್ಮ ಹಾಗೆ ಅಂದನೋ ಏನೋ.
ಕೇಳಿಸದವನಂತೆ ಗ್ರೈಂಡರು ಹಚ್ಚಿ
ಮೂರು ದಿನದ ಕೆಲಸ ಕುಯ್ದು ಹಾಕಿದೆ.

ಹೊಸ ಪೆಟ್ಟಿಗೆ ಹೋಗುತ್ತ ಹೋಗುತ್ತ ಸಣ್ಣಗಾಗುತ್ತದೆ,
ಒಳಗೆ ಪ್ರತಿ ಕೊಳವೆಗೂ ಉಮ್ಮತ್ತಿ ಹೂವಿನಂಥ ಬಾಯಿ;
ಗಾಳಿಗೆ ಮೂಲೆ ಆಗಿಬರುವುದಿಲ್ಲ.
ಫ್ಲಾಂಜು ಸೊಟ್ಟಗಾಗದಿರಲೆಂದು
ಸತ್ತ ಎಂಜಿನ್ನಿನ ಹೆಡ್ಡಿಗೆ ಬೋಲ್ಟು ಬಿಗಿದು ಬೆಸೆದೆ.
ಅಲ್ಯೂಮಿನಿಯಂ ಕಬ್ಬಿಣದಂತಲ್ಲ, ಕೆಂಪಾಗಿ ಎಚ್ಚರಿಸುವುದಿಲ್ಲ.
ಒಂದು ಚುಕ್ಕಿ ಕನ್ನಡಿಯಾಗುತ್ತದೆ,
ಮರುಗಳಿಗೆ ಕುಸಿಯುತ್ತದೆ.
ಆ ನಡುವೆ ಕಡ್ಡಿ ತಾಗಿಸಬೇಕು,
ಬೆವರು ಕಣ್ಣಿಗಿಳಿದರೂ ರೆಪ್ಪೆ ಮಿಟುಕಿಸದೆ.

ಶುಕ್ರವಾರ ನಡುರಾತ್ರಿ ಫೋನಿಗೆ ವಿಡಿಯೋ ಬಂತು.
ಚಿತ್ರವೆಲ್ಲ ಧೂಳು. ಕಣ್ಣು ಮುಚ್ಚಿ ಕೇಳಿದೆ.
ಐದು ಸಾವಿರ ದಾಟಿ ಒಂದು ಕಡೆ
ಸ್ವರ ಗಂಟಲು ಬಿಟ್ಟು ಎದೆಗೆ ಇಳಿಯುತ್ತದೆ.
ಅಲ್ಲಿ.
ಅಲ್ಲಿ ಹೋದ ಗಾಳಿ ಹೊತ್ತಿಗೆ ಸರಿಯಾಗಿ ತಿರುಗಿ ಬಂತು.
ಹುಮೈದ್ ತುದಿ ಮುಟ್ಟಿದನೋ ಇಲ್ಲವೋ,
ವಿಡಿಯೋ ಅಷ್ಟಕ್ಕೇ ನಿಂತಿದೆ.

ಅರ್ಧ ಇಂಚು ಗಿಡ್ಡವಾಗಿ ಕುಯ್ದ ಏಳನೆಯ ಕೊಳವೆ
ಬೆಂಚಿನ ಮೇಲಿದೆ, ಬೆಸುಗೆಕಡ್ಡಿ ನಿಲ್ಲಿಸಲು.
ಸಂಜೆ ಚಹಾ ಬರುವವರೆಗೆ ರುಹುಲ್
ಕಡ್ಡಿಗಳನ್ನು ಸುರಿದು, ಅದರ ಬಾಯಿಗೆ ತುಟಿಯಿಟ್ಟು ಊದುತ್ತಾನೆ.
ತಳಕ್ಕೆ ಅಂಗೈ ಮುಚ್ಚಿದರೆ ಸ್ವರ ಅರ್ಧಕ್ಕಿಳಿಯುತ್ತದೆ,
ತೆಗೆದರೆ ಮೇಲೇಳುತ್ತದೆ.
ಮುಚ್ಚುತ್ತಾನೆ, ತೆಗೆಯುತ್ತಾನೆ.
ಫ್ಯಾನು ಹಾಕುವುದು
ಇಬ್ಬರಿಗೂ ಮರೆತೇ ಹೋಗಿರುತ್ತದೆ.